ಖಂಡೇಪೂಜ್ಯಾಗ ಎಂಜಿನ್ ಕೂಡಿಸಿದ್ದು

ನನ್ನ ಹಣೇಬರಹನ ಹಿಂಗ. ಒಂದು ಕೆಲಸಕ್ಕ ಕೈ ಹಾಕಿದ್ರ ಸಾಕು, ಓಣಿಗೆಲ್ಲಾ ನಗಾಕ ಒಂದು ವಿಷಯ ಸಿಗತೈತಿ. ಹೋದ ದಸರಾದಾಗ ನಮ್ಮ ಹಳೇ ಜೀಪಿನ ಎಂಜಿನ್ ಕೈ ಕೊಟ್ಟಿತ್ತು. ಗುಜರಿ ಅಂಗಡ್ಯಾಗ ಇನ್ನೊಂದು ಎಂಜಿನ್ ಹುಡುಕಿ ನಮ್ಮೂರು ಸವಡಿಗೆ ತಂದಿದ್ದೆ. ಬನ್ನಿ ಕೊಡಾಕ ಹೆಂಡತಿ ತವರುಮನಿ ನರಗುಂದಕ್ಕ ಹೋಗೂದಿತ್ತು. ಆಕಿ ತಮ್ಮ ಫೋನ್ ಮಾಡಿ, "ಮಾವಾರ, ಕಾರ್ ಕಳಸ್ಲೇನ್ರಿ?" ಅಂದ.

"ಏನ್ ಬ್ಯಾಡ. ಎಂಜಿನ್ ನಾನ ಮನ್ಯಾಗ ಕೂಡಿಸಿ ಜೀಪಿನ್ಯಾಗ ಬರ್ತೀನಿ."

ಅವ ಖೊಕ್ ಅಂತ ನಕ್ಕ. ನನಗ ಮೈಯೆಲ್ಲಾ ಉರೀತು. ಜೀಪ್ ಹೋಗಲಿಲ್ಲಂದ್ರ ವರ್ಷಾನುಗಟ್ಟಲೆ ಅವನ ಮುಂದ ಮಾರಿ ಎತ್ತಂಗಿರಲಿಲ್ಲ.

ಎಮ್ಮಿ ಕಾಯೂ ಪಾನಾ

ನಟ್ಟು ಬಿಚ್ಚಾಕ ಕುಂತೆ. ಹದಿನಾಲ್ಕು ನಂಬರಿನ ಪಾನಾ ಒಂದ ಇಲ್ಲ! ಹೆಂಡತೀನ ಕೇಳಿದೆ.

"ಕೊಟ್ಟಿಗಿ ಬಾಗಲಕ್ಕ ಚಿಲಕಾ ಮಾಡೇನ್ರಿ. ತಗೀಬ್ಯಾಡ್ರಿ, ಎಮ್ಮಿ ಹೋಗತೈತಿ."

"ಹತ್ತ್ ಮಿನಿಟ್ ಅಷ್ಟ" ಅಂತ ಕಿತ್ತಕೊಂಡು ಬಂದೆ. ಪಾನಾ ನಟ್ಟಿಗೆ ಕೂಡೂದ್ರಾಗ ಎಮ್ಮಿ ಅಸೂಟಿ ದಾರಿ ಹಿಡಿದಿತ್ತು. ಆವತ್ತ ನಾ ಬಿಚ್ಚಿದ್ದು ಒಂದ ನಟ್ಟು, ಓಡಿದ್ದು ನಾಕು ಮೈಲಿ.

ಪೂಜಿಗೆ ಕುಂತ ಸಾಮಾನು

ಮರುದಿನ ಉಳದ ನಟ್ಟು ಬಿಚ್ಚಿದ ಮ್ಯಾಲೆ ಎಂಜಿನ್ ಎತ್ತಾಕ ಚೈನ್ ಪುಲ್ಲಿ ಬೇಕಾತು. ರೋಣದ ಗ್ಯಾರೇಜಿಗೆ ಹೋದ್ರ, ಪುಲ್ಲಿ ಕುಂಕುಮಾ ಹಚಗೊಂಡು, ಚೆಂಡು ಹೂವಿನ ಮಾಲಿ ಹಾಕ್ಕೊಂಡು ಜೋರ್ ಕುಂತಿತ್ತು. ಖಂಡೇಪೂಜಿ ಅನ್ನೂದ ನಾ ಮರತಿದ್ದೆ.

"ಇವತ್ತ ಮುಟ್ಟಂಗಿಲ್ರಿ. ನಾಳಿ ಸಂಜಿಗೆ ಬನ್ನಿ ಮುಡದ ಮ್ಯಾಲೆ ಒಯ್ರಿ" ಅಂದ ಮಾಲಕ. ಒಂದು ಪೊಟ್ಣ ಚುರಮರಿ, ಎರಡು ಬಾಳಿಹಣ್ಣು ಕೈಯಾಗಿಟ್ಟ.

ಗಜೇಂದ್ರಗಡಕ್ಕ ಓಡಿದೆ. ಅಲ್ಲೂ ಅದ. ನರಗುಂದಕ್ಕ ಹೆಂಡತಿ ತಮ್ಮನ ಕಣ್ಣು ತಪ್ಪಿಸಿ ಹೋದೆ. ಅಲ್ಲೂ ಅದ.

ಮನಿಗೆ ಬಂದಾಗ ಹೆಂಡತಿ ಕೇಳಿದ್ಲು, "ಪುಲ್ಲಿ ಸಿಕ್ತೇನ್ರಿ?"

"ಇಲ್ಲ. ಚುರಮರಿಗೆ ಒಗ್ಗರಣಿ ಹಾಕು."

ಪಲ್ಲಕ್ಕಿ

ಹಬ್ಬದ ಮುಂಜಾನೆ ಓಣಿ ಮಂದಿ ಎಂಟು ಜನಾ ಬಂದ್ರು. ಹಳೇ ಎಂಜಿನ್ ಕೆಳಗ ಇಳಿಸಿ, ಓಣಿ ತುದ್ಯಾಗ ಇಟ್ಟಿದ್ದ ಗುಜರಿ ಎಂಜಿನ್ನಿಗೆ ಹಗ್ಗಾ ಕಟ್ಟಿ, ಗಳಾ ತೂರಿಸಿ, ಹೆಗಲಮ್ಯಾಲೆ ಹೊತ್ತು ಜೀಪ್ ನಿಂತ ಅಂಗಳಕ್ಕ ಹೊಂಟ್ವಿ. ಎದುರುಮನಿ ಅಜ್ಜಿಗೆ ಕಣ್ಣು ಮಂಜು. ತಂಬಿಗಿ ನೀರು ತಂದು ನಮ್ಮ ಕಾಲಿಗೆ ಹಾಕಿ, ಕೈಮುಗಿದು, "ಯಾವೂರ ದೇವರೋ ಯಪ್ಪಾ?" ಅಂದ್ಲು.

ಭಾರಕ್ಕ ಹೆಗಲು ಮುರಿಯಾಕತ್ತಿತ್ತು. "ಗುಜರಿ ದೇವರಬೇ, ಲಗೂ ದಾರಿ ಬಿಡು!" ಅಂದೆ.

ಇಳೀರಿ ಮಾವಾರ

ಮಧ್ಯಾಹ್ನಕ್ಕ ಎಂಜಿನ್ ಕುಂತಿತು. ಆದ್ರ ಕೀಲಿ ತಿರುವಿದ್ರ ಗಾಡಿ ಚಾಲೂ ಮಾಡೂ ಸೆಲ್ಫ್ ಮೋಟಾರ್ ಕೂಡಸಾಕ ಬೇಕಾದ ಪಾನಾ ಓಣ್ಯಾಗ ಯಾರ ಹಂತ್ಯಾಕೂ ಇರಲಿಲ್ಲ. ಅದ ಎಂಟು ಮಂದಿ ನೂಕಿದ್ರು, ಜೀಪ್ ಚಾಲೂ ಆತು. ನನಗ ಆದ ಖುಷಿ ಏನ್ ಹೇಳ್ಲಿ! ಹೆಂಡತಿ ರೇಶ್ಮಿ ಸೀರಿ ಉಟ್ಟು ಬಾಜೂಕ ಕುಂತ್ಲು. ದಾರ್‍ಯಾಗ ಎಲ್ಲೂ ಬಂದ್ ಮಾಡದ ನರಗುಂದ ಮುಟ್ಟಿಸಿದೆ.

ಬಾಗಲದಾಗ ಹಾರ್ನ್ ಹೊಡದೆ. ಹೆಂಡತಿ ತಮ್ಮ ಬಾಯಿ ತಕ್ಕೊಂಡು ನೋಡಿದ. "ಇಳೀರಿ ಮಾವಾರ, ಊಟಕ್ಕ ಏಳ್ರಿ."

ಬಂದ್ ಮಾಡಿದ್ರ ಮತ್ತ ಚಾಲೂ ಆಗಬೇಕಲ್ಲ! "ಇರ್ಲಿ, ಇಲ್ಲೇ ಚಲೋ ಗಾಳಿ ಐತಿ" ಅಂದೆ. ಬನ್ನಿ ಜೀಪಿನ್ಯಾಗ ಕೊಟ್ಟೆ, ಬನ್ನಿ ಜೀಪಿನ್ಯಾಗ ಇಸ್ಕೊಂಡೆ. ಹೋಳಿಗಿ ತಾಟೂ ಅಲ್ಲೇ ಬಂತು. ಎಂಜಿನ್ ದಡದಡ ಅನ್ನಾಕತ್ತಿತ್ತು, ತಾಟಿನ್ಯಾಗಿನ ತುಪ್ಪಾ ಕುಣಿಯಾಕತ್ತಿತ್ತು.

"ಬಂಗಾರದಂಥಾ ಮಾವಾರು ಹಿಂಗ ಹೊರಗ ಕುಂತು ಉಣ್ಣೂದ? ಎಣ್ಣೀನೂ ಸುಮ್ಮನ ಸುಡಾಕತ್ತೈತಿ" ಅಂತ ಅವ ಪ್ರೀತೀಲೆ ಒಳಗ ಕೈ ಹಾಕಿ ಕೀಲಿ ತಿರುವಿ ಎಂಜಿನ್ ಬಂದ್ ಮಾಡಿಬಿಟ್ಟ.

ಮರುದಿನ ಮುಂಜಾನೆ ನರಗುಂದದ ಮಂದಿಯೆಲ್ಲಾ ನೋಡಿದ್ರು. ಮಾವಾರು ರಾಜನಂಗ ಜೀಪಿನ್ಯಾಗ, ಕಾರ್ ಕಳಸ್ತೀನಿ ಅಂದಾವ ಹಿಂದ ನೂಕಾಕ.