ಕರೆಂಟ್ ಬಂದಾಗ ಹಾಡಿದ ಟೇಪು

ಮನುಷ್ಯನಿಗೆ ಒಂದಾದರೂ ಹುಚ್ಚು ಇರಲಿ, ಆದರೆ ಅದು ಪಕ್ಕದ ಕೋಣೆಗೆ ಕೇಳಿಸಬಾರದು ಎಂಬುದು ನನ್ನ ಹೆಂಡತಿಯ ಮತ. ನನ್ನ ಹುಚ್ಚು ಬೆಟಗೇರಿಯ ಇಡೀ ಓಣಿಗೇ ಕೇಳಿಸುತ್ತದೆ. ಧಾರವಾಡದ ಹಾಸ್ಟೆಲಿನಲ್ಲಿ ಅಂಟಿಕೊಂಡ ಹಳೆಯ ಇಂಗ್ಲಿಷ್ ರಾಕ್, ಪಾಪ್ ಹಾಡುಗಳು ನನಗೆ ಇಂದಿಗೂ ಬೇಸರ ತಂದಿಲ್ಲ. ಅರ್ಧ ಮಾತು ತಿಳಿಯುವುದಿಲ್ಲ, ಖರೆ. ಡ್ರಮ್ಮು ಶುರುವಾದರೆ ಸಾಕು, ಮೊಣಕಾಲು ನೋವು ಮರೆತು ಕಾಲು ತಾನೇ ಕುಣಿಯುತ್ತದೆ. ಮೊಬೈಲಿನಲ್ಲಿ ಎಲ್ಲ ಸಿಗುತ್ತದಂತೆ. ಸಿಗಲಿ, ನನಗೆ ನನ್ನ ಟೇಪ್ ರೆಕಾರ್ಡರೇ ಬೇಕು.

ಕಳೆದ ತಿಂಗಳು ಮಗಳು ಗೌರಿಯನ್ನು ನೋಡಲು ಮುಂಡರಗಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಲಕ್ಷ್ಮೇಶ್ವರದಲ್ಲಿ ಕಾಲೇಜು ಉಪನ್ಯಾಸಕ. ಅವನ ತಂದೆ ಶಿವಪ್ಪನವರು ಕಾಳುಕಡಿ ವ್ಯಾಪಾರಿ, ನಕ್ಕದ್ದನ್ನು ಯಾರೂ ಕಂಡಿಲ್ಲ ಎಂದು ಮಧ್ಯಸ್ಥರು ಮೊದಲೇ ಹೆದರಿಸಿದ್ದರು. ಇಂಥ ಸಂಬಂಧ ಮತ್ತೆ ಸಿಗದೆಂದು ಹೆಂಡತಿ ಬೆಳಿಗ್ಗೆಯೇ ತಾಕೀತು ಮಾಡಿದಳು: "ಇವತ್ತೊಂದ ದಿನ ಅದನ್ನ ಹಚ್ಚಬ್ಯಾಡ್ರಿ, ಕೈ ಮುಗೀತೀನಿ." ಅವಳು ಒಳಗೆ ರವೆ ಹುರಿಯುವಾಗ ನಾನು ಕದ್ದು ಒಂದೇ ಒಂದು ಹಾಡು ಹಚ್ಚಿದೆ. ಅರ್ಧಕ್ಕೇ ಕರೆಂಟ್ ಹೋಯಿತು. ಬಾಳೆಹಣ್ಣು ತರಲು ಪೇಟೆಗೆ ಓಡಿದವನು ಟೇಪಿನ ಗುಂಡಿ ಎತ್ತುವುದನ್ನೇ ಮರೆತೆ.

ಅವರು ಬಂದರು. ಗೌರಿ ಉಪ್ಪಿಟ್ಟು, ಶಿರಾ ತಂದಿಟ್ಟು ಎದುರು ಕುಳಿತಳು. ಶಿವಪ್ಪನವರು ಹಳೆಯ ರೂಢಿಯಂತೆ ಹಾಡು ಬರುತ್ತದೆಯೇ ಎಂದು ಅವಳನ್ನು ಕೇಳಿದರು. ಆ ಗಳಿಗೆಗೇ ಕರೆಂಟ್ ಬರಬೇಕೇ! ಕಪಾಟಿನ ಮೇಲಿಂದ ಗಿಟಾರು ಕಿರುಚಿತು. ಅದರ ಹಿಂದೆಯೇ ಒಬ್ಬ ಗಂಡಸು ಗಂಟಲು ಹರಿಯುವಂತೆ ಅರಚತೊಡಗಿದ. ಮಗಳ ಲಗ್ನವನ್ನು ಕೈಯಾರೆ ಕೆಡಿಸಿದೆನಲ್ಲ ಎಂದು ಟೇಪಿನತ್ತ ಧಾವಿಸಿದೆ.

"ಇರ್ಲಿ ಬಿಡ್ರಿ, ಬಂದ್ ಮಾಡಬ್ಯಾಡ್ರಿ," ಎಂದರು ಶಿವಪ್ಪನವರು.

ತಿರುಗಿ ನೋಡಿ ದಂಗಾದೆ. ಬಿಳಿ ಟೊಪ್ಪಿಗೆ, ಹಣೆತುಂಬ ವಿಭೂತಿಯ ಆ ಮನುಷ್ಯ ಕಣ್ಣು ಮುಚ್ಚಿ, ಉಪ್ಪಿಟ್ಟಿನ ತಾಟಿಗೆ ಚಮಚದಿಂದ ತಾಳ ಹಾಕುತ್ತ, ಒಂದಕ್ಷರ ಬಿಡದೆ ಹಾಡುತ್ತಿದ್ದರು! ಅವರ ಮನೆಯಲ್ಲೂ ದಿನಾ ಮುಂಜಾನೆ ಇವೇ ಹಾಡುಗಳಂತೆ. ಇಬ್ಬರೂ ಸೇರಿ ಕ್ಯಾಸೆಟ್ಟಿನ ಎರಡೂ ಬದಿ ಮುಗಿಸಿದೆವು. ಹುಡುಗ-ಹುಡುಗಿ ಏನು ಮಾತಾಡಿಕೊಂಡರೋ ನಾವು ಗಮನಿಸಲಿಲ್ಲ. ಅವರು ಹೊರಟ ಮೇಲೆ ನಾನು ಲಗ್ನಪತ್ರಿಕೆಯ ಒಕ್ಕಣೆಯನ್ನೇ ಯೋಚಿಸತೊಡಗಿದೆ.

ಸಂಜೆ ಗೌರಿ ಒಲ್ಲೆ ಎಂದಳು. ಹುಡುಗನಲ್ಲಿ ಏನು ಕೊರತೆ ಎಂದು ಕೇಳಿದೆ.

"ಹುಡುಗ ಛಲೋ ಅದಾನಪ್ಪಾ. ಇಲ್ಲಿ ಇಪ್ಪತ್ತಾರು ವರ್ಷ ಆ ಹಾಡು ಕೇಳೀನಿ. ಅಲ್ಲಿ ಹೋಗಿ ಮತ್ತ ಅದನ್ನ ಕೇಳ್ಲೇನು?"

ಇದನ್ನು ಮುಂಡರಗಿಗೆ ಹೇಗೆ ತಿಳಿಸುವುದೆಂದು ಒದ್ದಾಡುತ್ತಿದ್ದಾಗ ಶಿವಪ್ಪನವರದೇ ಫೋನ್ ಬಂತು. ಅವರ ಮಗನೂ ಒಲ್ಲೆ ಎಂದನಂತೆ. ಮನೆಯಲ್ಲಿ ಒಬ್ಬ ಅಪ್ಪನನ್ನು ತಾಳಿಕೊಂಡದ್ದೇ ಸಾಕಾಗಿದೆ, ಮಾವನೂ ಅಂಥವರೇ ಸಿಕ್ಕರೆ ದೀಪಾವಳಿಗೆ ನಾನೆಲ್ಲಿ ಹೋಗಲಿ ಎಂದು ಕೇಳಿದನಂತೆ. ಇಷ್ಟು ಮನಸ್ಸು ಕೂಡಿದ ಹುಡುಗ-ಹುಡುಗಿಯ ಜೋಡಿ ನಮ್ಮ ಸೀಮೆಯಲ್ಲಿ ಇನ್ನೊಂದು ಸಿಗಲಾರದು. ಆದರೆ ಅದನ್ನು ಅವರಿಬ್ಬರಿಗೆ ಹೇಳಲು ನಮಗೆ ಮುಖವೆಲ್ಲಿದೆ?

ಆಮೇಲೆ ಶಿವಪ್ಪನವರು ದನಿ ತಗ್ಗಿಸಿ, ಆ ತಂಡದ ಬೇರೆ ಕ್ಯಾಸೆಟ್ಟೇನಾದರೂ ಇದೆಯೇ ಎಂದರು. ಇದೆ, ರವಿವಾರ ತರುತ್ತೇನೆ ಎಂದು ನಾನು ಎಂಥ ಹುರುಪಿನಿಂದ ಹೇಳಿದೆನೆಂದರೆ, ಆಗಷ್ಟೇ ಮಗಳ ಸಂಬಂಧ ಮುರಿದುಬಿದ್ದ ತಂದೆ ನಾನೇ ಹೌದೋ ಅಲ್ಲವೋ ಎಂದು ನನಗೇ ಗಾಬರಿಯಾಯಿತು.