ಸಮುದ್ರಕ್ಕೊಂದು ಅಂಗಿ

ಹೋದ ವರ್ಷ ಮೀನು ನೋಡಲು ಸಮುದ್ರಕ್ಕಿಳಿದ ಗಡಿಯಾರ ರಿಪೇರಿಯ ತಾತ, ನೀರಿಗೆ ಮುಖ ಕೊಟ್ಟು ಬಿಸಿಲಿಗೆ ಬೆನ್ನು ಒಡ್ಡಿದ್ದೇ ತಪ್ಪಾಯಿತು. ಬೆನ್ನು ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಪಟ್ಟೆ ಮೀನು ಕಾಣುವ ಮೊದಲೇ ದಡಕ್ಕೆ ಓಡಿಬಂದರು. ವಾರವೆಲ್ಲ ಬೋರಲು ಮಲಗಿದರು. ಈ ಸಲ ರಜೆಗೆ ಬಂದ ಮೊಮ್ಮಗಳು ನಾಳೆ ಹೊರಡುವವಳು. "ಇವತ್ತು ಅರ್ಧಕ್ಕೆ ಎದ್ದು ಬರಬಾರದು ತಾತ" ಎಂದಳು. ತಾತ ಮಾತು ಕೊಟ್ಟರು.

ಬೆನ್ನು ಮುಚ್ಚುವ ಅಂಗಿ ಬೇಕೆಂದು ಅವರು ಹೇಳಿದ್ದು ಹೆಂಡತಿಗೆ ಮಾತ್ರ. ಲೋಟದ ಚಹಾ ಮುಗಿಯುವಷ್ಟರಲ್ಲಿ ಓಣಿಗೆಲ್ಲ ಗೊತ್ತಾಗಿತ್ತು. ಹಳೆಯ ಬಿಳಿ ಬನಿಯನ್ ಧಾರಾಳವಾಗಿ ಸಾಕು ಎಂದರು ಎದುರುಮನೆಯ ಔಷಧಿ ಅಂಗಡಿಯವರು. ಪಕ್ಕದ ಮನೆಯ ಟೈಲರಕ್ಕ ಅಂಥದೊಂದು ಬನಿಯನ್ನನ್ನು ಬಕೆಟ್ಟಿನ ನೀರಲ್ಲಿ ಅದ್ದಿ ಔಷಧಿ ಅಂಗಡಿಯವರ ಮುಖಕ್ಕೇ ಅಡ್ಡ ಹಿಡಿದಳು.

"ಮೀಸೆ ಕಾಣ್ತಿದೆ. ಮೀಸೆ ಕಾಣೋ ಕಡೆ ಬಿಸಿಲು ನುಗ್ಗಲ್ವಾ?"

ಬಟ್ಟೆ ಅಂಗಡಿಗೆ ತಾತ ಕರೆಯದಿದ್ದರೂ ಅವಳು ಜೊತೆಗೆ ಬಂದಳು. ಅವಳು ಆರಿಸಿದ ಅಂಗಿ ಕಡುನೀಲಿ, ಒತ್ತು ನೇಯ್ಗೆ, ತುಂಬುತೋಳು, ಗಂಟಲವರೆಗೆ ಕಾಲರು. ಅದಕ್ಕೆ ಹೊಂದುವ ಪ್ಯಾಂಟು. ಅಂಗಡಿಯವನು ದೊಡ್ಡ ಅಳತೆಯದನ್ನು ತೆಗೆದರೆ ಅವಳು ಪಕ್ಕಕ್ಕೆ ಸರಿಸಿದಳು.

"ಇದು ನೀರಲ್ಲಿ ಹಿಗ್ಗುತ್ತೆ ಅಣ್ಣಾ. ಚಿಕ್ಕದೇ ತಗೊಳ್ಳಿ."

ಅವಳ ಅಳತೆ ತಪ್ಪಿದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಹಾಕಿ ನೋಡುತ್ತೇನೆ ಎಂದ ತಾತನನ್ನು, ಮಗು ಕಾಯುತ್ತಿದೆ ಎಂದು ಅವಸರಿಸಿ ಹೊರಡಿಸಿದಳು.

ದಡದಲ್ಲಿ ಅಂಗಿ ತಾತನ ಭುಜದವರೆಗೆ ಬಂದು ನಿಂತಿತು. ಕೈ ಎರಡೂ ಮೇಲೆ, ತಲೆ ಒಳಗೆ, ಹೊಟ್ಟೆ ಹೊರಗೆ. ಚಿಕ್ಕ ಗವಸಿಗೆ ತುರುಕಿದ ದಿಂಬಿನಂತೆ ತೂರಾಡಿದರು. ಮೊಮ್ಮಗಳು ಒಂದು ತೋಳು, ಹೆಂಡತಿ ಇನ್ನೊಂದು ತೋಳು ಹಿಡಿದೆಳೆದು ಬಿಡಿಸಿದರು.

ಮೊಮ್ಮಗಳ ಮುಖ ಬಾಡಿತು. ಆಮೇಲೆ ಅಂಗಿಯನ್ನೂ ಅಜ್ಜಿಯನ್ನೂ ನೋಡಿ, "ಅಜ್ಜಿ, ನೀನೇ ಹಾಕ್ಕೊ" ಎಂದಳು.

ಚಿಕ್ಕಂದಿನಲ್ಲಿ ಕೆರೆ ಈಜಿದ ಅಜ್ಜಿ ಮದುವೆಯಾದ ಮೇಲೆ ದಡದಲ್ಲಿ ಚಪ್ಪಲಿ ಕಾದದ್ದೇ ಹೆಚ್ಚು. ಬಟ್ಟೆ ಬದಲಿಸುವ ಕೋಣೆಗೆ ಸಂಕೋಚದಿಂದ ಹೋದವಳು ಹೊರಬಂದಾಗ ಅಂಗಿ ಮೈಗೆ ಮೆತ್ತಿದಂತೆ ಕೂತಿತ್ತು.

ಒಂದು ಗಳಿಗೆ ಎಂದು ಮೊಮ್ಮಗಳ ಜೊತೆ ನೀರಿಗಿಳಿದವಳಿಗೆ ದಡದ ನೆನಪೇ ಆಗಲಿಲ್ಲ. ತಾತನ ಒಂದು ಕೈಯಲ್ಲಿ ಅವಳ ಕನ್ನಡಕ, ಇನ್ನೊಂದರಲ್ಲಿ ಚಪ್ಪಲಿ. ಬಿಚ್ಚಿಟ್ಟ ತಮ್ಮ ಅಂಗಿ ತೊಡಲು ಕೈ ಬಿಡುವಿರಲಿಲ್ಲ. ನೆರಳಿಗೆ ಹೋದರೆ ಅವರಿಬ್ಬರೂ ಕಾಣುತ್ತಿರಲಿಲ್ಲ. ನೀರಿಂದ ತಲೆಯೆತ್ತಿ, "ಪಟ್ಟೆ ಮೀನು ಸಿಕ್ತು ರೀ" ಎಂದು ಅವಳು ಕೂಗಿದ್ದನ್ನು ಕೇಳಿ ನಗುತ್ತ ನಿಂತೇ ಇದ್ದರು.

ಸಂಜೆ ತಾತ ಮತ್ತೆ ಬೋರಲು. ಅಳತೆ ಸರಿಹೋಯಿತೇ ಎಂದು ಕೇಳುತ್ತ ಟೈಲರಕ್ಕ ಬಂದಳು.

"ನನಗೆಲ್ಲಿ ಸರಿಹೋಯ್ತು? ಇವಳಿಗೆ ಹೇಳಿ ಹೊಲಿಸಿದ ಹಾಗಿತ್ತು."

"ಮತ್ತೆ? ಅತ್ತಿಗೆಯ ಬಟ್ಟೆ ಹೊಲಿಯೋಳು ನಾನಲ್ವಾ? ತಾವೂ ಒಂದ್ಸಲ ನೀರಿಗಿಳೀಬೇಕು ಅಂತ ನನ್ನತ್ರ ಎಷ್ಟು ಸಲ ಹೇಳಿದಾರೆ. ಬಾಯಿಬಿಟ್ಟು ನಿಮ್ಮನ್ನು ಕೇಳೋರಲ್ಲ."

ತಾತ ದಿಂಬಿನಿಂದ ಮುಖವೆತ್ತಿ ಹೆಂಡತಿಯನ್ನು ನೋಡಿದರು. ಆಮೇಲೆ, "ಮುಂದಿನ ವರ್ಷ ನನಗೂ ಒಂದು ತರೋಣ. ದೊಡ್ಡದು" ಎಂದರು.

"ತರೋಣ" ಎಂದಳು ಹೆಂಡತಿ, ಬೆನ್ನಿಗೆ ಮೆಲ್ಲಗೆ ಮುಲಾಮು ಹಚ್ಚುತ್ತ. "ಆದ್ರೆ ನನ್ನ ಕನ್ನಡಕ ಯಾರು ಹಿಡ್ಕೋತಾರೆ?"