ತೆಪ್ಪದವನಿಗೆ ನಾನು ಕಲಿಸಿದ ಇಂಗ್ಲಿಷ್

ಇದನ್ನು ಹೇಳಿಬಿಡಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಹೇಳಹೊರಟಾಗಲೆಲ್ಲ ಹಲ್ಲುನೋವು ಬರುತ್ತಿತ್ತು. ಈಗ ಹಲ್ಲೇ ಇಲ್ಲ, ಹಾಗಾಗಿ ನೆಪವೂ ಇಲ್ಲ.

ನಾನು ಜಗಳೂರು ತಾಲ್ಲೂಕಿನ ಬಿಳಿಚೋಡಿನವನು. ಎಸ್ಸೆಸ್ಸೆಲ್ಸಿ ಮುಗಿಸಿ, ಚನ್ನಗಿರಿಯಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತಲೇ ಮುದುಕನಾದೆ. ಹೈಸ್ಕೂಲಿನ ಇಂಗ್ಲಿಷಿನಲ್ಲಿ ನನಗೆ ಉಳಿದದ್ದು ಒಂದೇ ವಾಕ್ಯ: 'ಐ ಹ್ಯಾವ್ ಬೀನ್ ಸೇಲಿಂಗ್.' ಬಹಳ ಕಾಲದಿಂದ ದೋಣಿ ನಡೆಸುತ್ತಲೇ ಇದ್ದೇನೆ ಎಂದರ್ಥ. ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದ ನಾವು ಹುಡುಗರೆಲ್ಲ ಅದನ್ನು ಒಕ್ಕೊರಲಿನಿಂದ ಕೂಗುತ್ತಿದ್ದೆವು. ಆ ಮಾತು ಹೇಳಲು ನಿಜವಾಗಿ ಯೋಗ್ಯನಾದ ಮನುಷ್ಯ ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ಸೂಳೆಕೆರೆಯಲ್ಲಿ ತೆಪ್ಪದ ಮೇಲೆ ಮೀನು ಹಿಡಿಯುವ ನನ್ನ ಗೆಳೆಯ.

ಕೆರೆಯಲ್ಲಿ ಪ್ರವಾಸಿಗರ ದೋಣಿ ನಡೆಸಲು ಒಬ್ಬರು ಬೇಕಾಗಿದ್ದರು. ಮೊಣಕಾಲು ನೋವಿನಿಂದ ತೆಪ್ಪದಲ್ಲಿ ಕುಕ್ಕರುಗಾಲಲ್ಲಿ ಕೂರಲಾರದ ಅವನಿಗೆ ಆ ಕೆಲಸ ಬೇಕೇ ಬೇಕಿತ್ತು. "ಅರ್ಜಿ ಬರ್ಕೊಡ್ರಿ, ಅಷ್ಟು ಸಾಕು" ಎಂದ. ನಾನು ಬಿಡಬೇಕಲ್ಲ! "ಸಂದರ್ಶನಕ್ಕೆ ಹೋಗಾಕೆ ಇಂಗ್ಲಿಷ್ ಬೇಕಪ್ಪಾ. ಬಾಯಿಂದ ಒಂದು ಕನ್ನಡ ಮಾತು ಬಂತೋ, ಕೆಲ್ಸ ಹೋತು ಅಂತ ತಿಳ್ಕ" ಎಂದು ಹೆದರಿಸಿ, ನನ್ನ ವಾಕ್ಯವನ್ನು ವಾರವಿಡೀ ಬಾಯಿಪಾಠ ಮಾಡಿಸಿದೆ.

ಸಂದರ್ಶನದ ದಿನ ಬಾಗಿಲ ಹೊರಗೆ ಗುರುವಿನ ಗತ್ತಿನಲ್ಲಿ ಕೂತಿದ್ದೆ; ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

"ಹೆಸರೇನ್ರಿ?"

"ಐ ಹ್ಯಾವ್ ಬೀನ್ ಸೇಲಿಂಗ್."

"ಸರಿ. ಈಜು ಬರ್ತೈತಾ?"

"ಐ ಹ್ಯಾವ್ ಬೀನ್ ಸೇಲಿಂಗ್."

"ಅಯ್ಯೋ ಯಜಮಾನ್ರೇ, ಕನ್ನಡದಾಗೇ ಹೇಳ್ರಿ! ಯಾರಾದ್ರೂ ನೀರಿಗೆ ಬಿದ್ರೆ ಏನ್ ಮಾಡ್ತೀರಿ?"

ಇದು ತನ್ನನ್ನು ಬೀಳಿಸುವ ಉಪಾಯ ಎಂದುಕೊಂಡನೇನೋ, ಅದನ್ನೇ ಇನ್ನೂ ಜೋರಾಗಿ ಹೇಳಿದ. ಒಳಗಿದ್ದವರು ನಕ್ಕರು. ಹೊರಗೆ ನಾನೂ ನಕ್ಕೆ. ಮೀನಿನಂತೆ ಈಜುವವನನ್ನು ಬಿಟ್ಟು ಹೊನ್ನಾಳಿ ಕಡೆಯವನೊಬ್ಬನನ್ನು ಆರಿಸಿದರು.

"ನಾನೇನ್ ತಪ್ಪು ಮಾಡಿದ್ನ್ರಿ?" ಎಂದು ಅವನು ಕೇಳಿದಾಗ, "ನಿನ್ನ ಉಚ್ಚಾರ ಸರಿ ಇರ್ಲಿಲ್ಲ" ಎಂದುಬಿಟ್ಟೆ. ಅವನು ನಂಬಿದ. ನಂಬದೆ ಎರಡು ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಹೋದ ವಾರ ತಪ್ಪೊಪ್ಪಿಕೊಳ್ಳಲೆಂದೇ ಸೂಳೆಕೆರೆಗೆ ಹೋದೆ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ತೆಪ್ಪದಿಂದ ಇಳಿದವನು, "ಬರ್ರಿ ಗುರುಗಳೇ, ನನ್ನ ಉಚ್ಚಾರ ಈಗ ಹೆಂಗೈತೆ ಕೇಳ್ರಿ" ಎಂದು ಆ ವಾಕ್ಯ ಹೇಳಿದ. ನನಗಿಂತ ಚೆನ್ನಾಗಿ ಹೇಳಿದ. ನಾನು ಕೈಮುಗಿಯಬೇಕಿತ್ತು. "ಪರ್ವಾಗಿಲ್ಲ, ಇನ್ನೂ ಸ್ವಲ್ಪ ಸುಧಾರಿಸ್ಬೇಕು" ಎಂದೆ. ಎರಡು ಮೀನು ಕಟ್ಟಿಕೊಟ್ಟು, ಕುಂಟುತ್ತಾ ಬಂದು ನನ್ನನ್ನು ಬಸ್ಸು ಹತ್ತಿಸಿದ.

ಅಂದು ಸಂದರ್ಶನದಲ್ಲಿ ನನ್ನಿಂದಾಗಿ ಅವನು ಹೇಳದೇ ಹೋದ ಹೆಸರು ಕೆಂಚಪ್ಪ.